ಐದನೆಯ ಶುಕ್ರವಾರದ ಮೊದಲ ಗುಂಡು

ಕತಾರಿನಲ್ಲಿ ನನಗೆ ಅನ್ನ ಹಾಕಿದ್ದು ನನ್ನ ಕಣ್ಣು. ದೋಹಾದ ಹೊರಗೆ ಮರಳುಗಾಡಿನಲ್ಲಿ ರೈಫಲ್ ಅಭ್ಯಾಸದ ಒಂದು ಮೈದಾನವಿದೆ, ಅಲ್ಲಿ ಕೆಲಸ. ಬಂದವರು ಗುಂಡು ಹೊಡೆಯುತ್ತಾರೆ, ನಾನು ಪಕ್ಕದಲ್ಲಿ ಕೂತು ದುರ್ಬೀನಿನಲ್ಲಿ ನೋಡಿ ತಾಗಿತೋ ಇಲ್ಲವೋ ಹೇಳುತ್ತೇನೆ. ನೋಡುವವನು ಹೇಳಿದ ಮೇಲೆ ಮುಗಿಯಿತು, ಹೊಡೆದವನು ಎಷ್ಟೇ ದೊಡ್ಡ ಮನುಷ್ಯನಾದರೂ ಎದುರಾಡುವ ಹಾಗಿಲ್ಲ. ಮನೆಯಲ್ಲಿ ಮೂರು ಕಾಸಿನ ಮರ್ಯಾದೆ ಇಲ್ಲದ ನನ್ನ ಮಾತಿಗೆ ಇಲ್ಲಿ ಅಷ್ಟು ಬೆಲೆ!

ಮಕ್ಕಳ ಕಾಲೇಜಿಗೆಂದು ಹೆಂಡತಿ ಅವರನ್ನು ಕರೆದುಕೊಂಡು ಮಂಗಳೂರಿಗೆ ಹೋಗಿ ಮೂರು ವರ್ಷವಾಗಿತ್ತು. ಮದೀನತ್ ಖಲೀಫಾದ ಮನೆ ಬಿಟ್ಟು ನಾನು ಬಿನ್ ಒಮ್ರಾನಿನ ಒಂದು ಕೋಣೆಯಲ್ಲಿ ಬೆಡ್‌ಸ್ಪೇಸ್ ಹಿಡಿದಿದ್ದೆ. ಆರು ಮಂಚ, ಆರು ಮೊಬೈಲು. ಒಬ್ಬ ಶಿಫ್ಟ್ ಮುಗಿಸಿ ಬರುವಾಗ ಇನ್ನೊಬ್ಬ ಹೊರಟಿರುತ್ತಾನೆ. ಊಟ ಆಯಿತಾ ಎಂದು ಹೆಂಡತಿ ಫೋನಿನಲ್ಲಿ ಕೇಳುತ್ತಿದ್ದಳು, ನಿಜ. ಆದರೆ ಫೋನಿನಲ್ಲಿ ಕೇಳುವವರಿಗೆ ಬಡಿಸಲಿಕ್ಕಾಗುತ್ತದೆಯೇ?

ಎದುರು ಕೂತು ಕೇಳುತ್ತಿದ್ದವರು ಒಬ್ಬರೇ. ಶುಕ್ರವಾರ ಬೆಳಿಗ್ಗೆ ಮೈದಾನಕ್ಕೆ ಬರುತ್ತಿದ್ದ ಕತಾರಿ ಹಿರಿಯರು. ನಾನು ಅವರನ್ನು ಹಾಜಿ ಎನ್ನುತ್ತಿದ್ದೆ, ಅವರು ನನ್ನನ್ನು ಸದೀಕ್, ಅಂದರೆ ಗೆಳೆಯ, ಎನ್ನುತ್ತಿದ್ದರು. ಹೆಸರು ಗೊತ್ತಿಲ್ಲದ ಕೆಲಸದವರನ್ನೆಲ್ಲ ಇಲ್ಲಿ ಹಾಗೆಯೇ ಕರೆಯುವುದು. ಗೊತ್ತಿದ್ದೂ ನಾನು ಅದನ್ನು ನಿಜವೆಂದೇ ಹಿಡಿದುಕೊಂಡೆ. ಫ್ಲಾಸ್ಕಿನಲ್ಲಿ ಕರಕ್ ಚಹಾ, ಬಟ್ಟೆಯಲ್ಲಿ ಸುತ್ತಿದ ಬಿಸಿ ಖುಬ್ಬೂಸ್ ರೊಟ್ಟಿ ತರುತ್ತಿದ್ದರು. ನಾನು ತಿನ್ನದೆ ಅವರು ಮುಟ್ಟುತ್ತಿರಲಿಲ್ಲ.

ಅವರಿಗೊಂದು ಆಸೆಯಿತ್ತು. ಅಮೆರಿಕದ ಬೆಟ್ಟಗಳಲ್ಲಿ ಎಲ್ಕ್ ಎಂಬ ಪ್ರಾಣಿಯಿದೆ, ನಮ್ಮ ಕಡವೆಯ ದೊಡ್ಡಣ್ಣ. ಅದು ಹತ್ತಿರ ಬಿಟ್ಟುಕೊಳ್ಳುವುದಿಲ್ಲ, ನಾನೂರು ಮೀಟರಿನಿಂದಲೇ ಹೊಡೆಯಬೇಕು. "ಗಾಯವಾಗಿ ಓಡಿದರೆ ಎರಡು ದಿನ ನರಳುತ್ತದೆ, ಸದೀಕ್. ಆ ಪಾಪ ನನಗೆ ಬೇಡ" ಎನ್ನುತ್ತಿದ್ದರು. ಅದಕ್ಕೇ ತಾವೇ ಒಂದು ನಿಯಮ ಹಾಕಿಕೊಂಡಿದ್ದರು. ಕಾಡಿನಲ್ಲಿ ಎರಡನೆಯ ಅವಕಾಶವಿಲ್ಲ, ಹಾಗಾಗಿ ಕೋವಿಯ ನಳಿಗೆ ತಣ್ಣಗಿರುವಾಗಿನ ಮೊದಲ ಗುಂಡು ಮಾತ್ರ ಲೆಕ್ಕ. ಐದು ಶುಕ್ರವಾರ ಸಾಲಾಗಿ ಅದು ನಾನೂರು ಮೀಟರಿನಾಚೆ ಗುರಿಗೆ ನಿಲ್ಲಿಸಿದ ಕಬ್ಬಿಣದ ತಟ್ಟೆಗೆ ತಾಗಿದರೆ ಹೊರಡುವುದು.

ಅರವತ್ತೈದು ದಾಟಿದವರು ಮರಳು ತುಂಬಿದ ಚೀಲ ಬೆನ್ನಿಗೇರಿಸಿಕೊಂಡು ಮೈದಾನ ಸುತ್ತಿ, ಏದುಸಿರಿನಲ್ಲೇ ಬೋರಲು ಮಲಗಿ ಗುರಿ ಹಿಡಿಯುತ್ತಿದ್ದರು. ಬೆಟ್ಟ ಹತ್ತಿದ ಉಸಿರು ಹಾಗೇ ಇರುತ್ತದಂತೆ. ವಾಯವ್ಯದಿಂದ ಬೀಸುವ ಶಮಾಲ್ ಗಾಳಿ ಗುಂಡನ್ನು ಎಷ್ಟು ಪಕ್ಕಕ್ಕೆ ತಳ್ಳುತ್ತದೆಂದು ನಾನು ಹೇಳುತ್ತಿದ್ದೆ: "ಒಂದು ಗೇಣು ಎಡಕ್ಕೆ, ಹಾಜಿ." ನನ್ನ ಗೇಣನ್ನು ಅವರು ಎಂದೂ ಅನುಮಾನಿಸಲಿಲ್ಲ.

ನಾಲ್ಕು ಶುಕ್ರವಾರ ತಾಗಿತು. ನಾಲ್ಕನೆಯ ದಿನ ಚಹಾ ಕುಡಿಯುತ್ತ, "ಇನ್ನೊಂದು ತಾಗಿದರೆ ಮುಂದಿನ ವಾರವೇ ಯಲ್ಲಾ, ಹೊರಟೆ! ಬೆಟ್ಟದ ಗಾಳಿಗೆ ಉಸಿರು ಒಗ್ಗಬೇಕಲ್ಲ, ಚಳಿಗಾಲದವರೆಗೂ ಅಲ್ಲೇ" ಎಂದರು. ನಾನು ನಕ್ಕೆ. ಆ ವಾರವಿಡೀ ಮಂಚದಲ್ಲಿ ಬಿದ್ದುಕೊಂಡು ಹಾಜಿ ಬಾರದ ಶುಕ್ರವಾರಗಳನ್ನು ಎಣಿಸಿದೆ. ನನಗೆ ಹೆದರಿಕೆಯಾಗಿತ್ತು, ಬೇರೇನಲ್ಲ.

ಐದನೆಯ ಶುಕ್ರವಾರ ಗುಂಡು ತಟ್ಟೆಯ ನಟ್ಟನಡುವೆ ತಾಗಿತು. ನಾನು ಕಣ್ಣಾರೆ ಕಂಡೆ. ಕೋವಿಯ ಒದೆತಕ್ಕೆ ಅವರಿಗೆ ನೋಟ ತಪ್ಪಿತ್ತು, ಕಿವಿ ಮುಚ್ಚಿದ್ದರಿಂದ ಸದ್ದೂ ಕೇಳಿಸಿರಲಿಲ್ಲ. ನನ್ನ ಕಡೆ ತಿರುಗಿದರು.

"ಮಾಫಿ, ಇಲ್ಲ ಹಾಜಿ," ಎಂದೆ. "ತಾಗಲಿಲ್ಲ. ಬಲಕ್ಕೆ ಹೋಯಿತು."

ತಟ್ಟೆಗೆ ಬಣ್ಣ ಬಳಿಯುವುದೂ ನನ್ನದೇ ಕೆಲಸ. ಹೋಗಿ ಆ ಗುರುತಿನ ಮೇಲೆ ಬಿಳಿ ಬಣ್ಣ ಬಳಿದು ಬಂದೆ. ಇನ್ನೈದು ವಾರ ಸಿಕ್ಕಿತು ಎಂದು ಒಳಗೊಳಗೇ ಹಿಗ್ಗಿದೆ, ನಾಚಿಕೆಗೆಟ್ಟವನು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮುಂದಿನ ಶುಕ್ರವಾರ ಹಾಜಿ ಗುರಿ ಹಿಡಿದರು, ಬಿಟ್ಟರು, ಮತ್ತೆ ಹಿಡಿದರು. ಬಲಕ್ಕೆ ಹೋದದ್ದನ್ನು ಸರಿಪಡಿಸಲೆಂದು ಎಡಕ್ಕೆ ಹೊಡೆದರು. ಈ ಸಲ ನಿಜಕ್ಕೂ ತಾಗಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಆ ದಿನ ಎದ್ದು ಕೂತು ಕೋವಿಯಿಂದ ಗುಂಡು ತೆಗೆದಿಟ್ಟರು.

"ಖಲಾಸ್, ಸದೀಕ್. ಕಣ್ಣು ಹೋಯಿತು. ಇನ್ನು ಬರುವುದಿಲ್ಲ. ನೀನು ಮುಲಾಜು ನೋಡದೆ ಸತ್ಯ ಹೇಳಿದ್ದಕ್ಕೆ ಒಂದು ಜೀವ ನರಳುವುದು ತಪ್ಪಿತು. ಅಲ್ಲಾಹು ನಿನಗೆ ಒಳ್ಳೆಯದು ಮಾಡಲಿ."

ನನಗೆ ತಡೆಯಲಾಗಲಿಲ್ಲ. "ಹಾಜಿ, ಐದನೆಯ ವಾರ ತಾಗಿತ್ತು. ನಟ್ಟನಡುವೆ ತಾಗಿತ್ತು. ನಾನು ಸುಳ್ಳು ಹೇಳಿದೆ" ಎಂದೆ. ನನ್ನ ದನಿ ನಡುಗುತ್ತಿತ್ತು.

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ನಕ್ಕು ನನ್ನ ಹೆಗಲ ಮೇಲೆ ಕೈಯಿಟ್ಟರು.

"ನನ್ನನ್ನು ಸಮಾಧಾನ ಮಾಡಬೇಡ. ನಿನಗೆ ಸುಳ್ಳು ಹೇಳಲು ಬರುವುದಿಲ್ಲ" ಎಂದು ಕಾರು ಹತ್ತಿ ಹೋದರು.