ಅಮೃತಮ್ಮ ತಿದ್ದಿದ ಆರು ಚೀಟಿ

ಸುರಪುರದ ಅಮೃತಮ್ಮ ನಮ್ಮ ಕಾಲೇಜಿನ ಕೀಟಗಳ ಕೋಣೆ ನೋಡಿಕೊಳ್ಳಲು ಬಂದು ಹತ್ತೊಂಬತ್ತು ವರ್ಷವಾಯಿತು. ಓದಿದ್ದು ಏಳನೆಯ ತರಗತಿ. ಜೋಳ ಹಸನು ಮಾಡಿ ಪಳಗಿದ ಕೈ, ಒಂದು ಹರಳೂ ತಪ್ಪಿಸಿಕೊಳ್ಳುವುದಿಲ್ಲ. ಗುಮಾಸ್ತನಾದ ನನ್ನ ಕಾಗದ ಹರಡಿದ ಮೇಜು ಕಂಡರೇ ಅವರಿಗೆ ಸಿಟ್ಟು. ಅಂಥವರ ಕೈಯಿಂದ ಹೀಗಾಯಿತಲ್ಲ ಎಂದು ನನಗೆ ಇಂದಿಗೂ ಸಂಕಟ.

ಶಹಾಪುರದ ಕಲ್ಪನಾ ಮೂರು ವರ್ಷದಿಂದ ಕಂದು ಚಿಟ್ಟೆಗಳ ಒಂದು ಗುಂಪಿನ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಈ ಚಿಟ್ಟೆ ಮಳೆಗಾಲದಲ್ಲಿ ಹುಟ್ಟಿದರೆ ರೆಕ್ಕೆಯ ಮೇಲೆ ಕಣ್ಣಿನಂಥ ಚುಕ್ಕೆಗಳಿರುತ್ತವೆ. ಬೇಸಿಗೆಯಲ್ಲಿ ಹುಟ್ಟಿದರೆ ಚುಕ್ಕೆಯಿಲ್ಲದ ಒಣಎಲೆಯ ಬಣ್ಣ. ಆದರೆ ಅವಳ ಪೆಟ್ಟಿಗೆಯಲ್ಲಿದ್ದ ಆರು ಚಿಟ್ಟೆ ಮಳೆಗಾಲದಲ್ಲೇ ಸಿಕ್ಕಿದ್ದರೂ ಅವಕ್ಕೆ ಚುಕ್ಕೆ ಇರಲಿಲ್ಲ. ಇವು ಲಕ್ಷಾಂತರ ವರ್ಷಗಳ ಹಿಂದೆಯೇ ಕವಲೊಡೆದ ಬೇರೆ ಪ್ರಭೇದ ಎಂದು ಕಲ್ಪನಾಳ ವಾದ. ಅದಕ್ಕಿದ್ದ ಸಾಕ್ಷಿ ಒಂದೇ: ಪ್ರತಿ ಚಿಟ್ಟೆಯ ಸೂಜಿಗೆ ಚುಚ್ಚಿದ್ದ, ಹಿಡಿದ ಊರು ಮತ್ತು ತಾರೀಖು ಬರೆದ ಚೀಟಿ.

ಪರೀಕ್ಷಕರು ಬರುವ ಹಿಂದಿನ ದಿನ ಅಮೃತಮ್ಮ ತುಕ್ಕು ಹಿಡಿದ ಸೂಜಿಗಳನ್ನು ಬದಲಿಸಲು ಕೂತರು. ಆಗ ಬಳಿಚಕ್ರ ಎಂದು ಊರು ಬರೆದಿದ್ದ ಆ ಆರು ಚೀಟಿ ಕಣ್ಣಿಗೆ ಬಿದ್ದವು. ಚುಕ್ಕೆಯಿಲ್ಲದ ಚಿಟ್ಟೆಗೆ ಆಗಸ್ಟ್ ತಾರೀಖು! ಹುಡುಗಿ ಅವಸರದಲ್ಲಿ ತಪ್ಪಿದ್ದಾಳೆ, ನಾಳೆ ದೊಡ್ಡವರೆದುರು ಮಾನ ಹೋದೀತು ಎಂದುಕೊಂಡರು. ಆರೂ ಚೀಟಿ ಹರಿದು, ಏಪ್ರಿಲ್ ಎಂದು ಹೊಸದಾಗಿ ಬರೆದು, ಚಿಟ್ಟೆಗಳನ್ನು ಅದೇ ಊರಿನ ಬೇಸಿಗೆಯ ಸಾಲಿಗೆ ಸೇರಿಸಿಬಿಟ್ಟರು. ತುಕ್ಕಿನ ಕಲೆಯಾಗಿದ್ದ ಆ ಸಾಲಿನ ಉಳಿದ ಚೀಟಿಗಳನ್ನೂ ಅಂದೇ ಹೊಸದಾಗಿ ಬರೆದಿದ್ದರು. ಕೇಳಬೇಕೆಂದು ಹೊಳೆಯಲೇ ಇಲ್ಲ.

ಮರುದಿನ ಪರೀಕ್ಷಕರು ಪೆಟ್ಟಿಗೆ ನೋಡಿ, “ನೀವು ಹೇಳಿದ ಮಳೆಗಾಲದ ಚುಕ್ಕೆಯಿಲ್ಲದವು ಎಲ್ಲಿವೆ?” ಎಂದರು. ಕಲ್ಪನಾ ಹುಡುಕಿಯೇ ಹುಡುಕಿದಳು. ಅವರು ವಾದ ಒಪ್ಪದೆ ಎದ್ದು ಹೋದರು.

“ನನ್ನ ತಲಿನೇ ಕೆಟ್ಟಿತ್ತೇನೋ,” ಎಂದು ಕಲ್ಪನಾ ಕುಸಿದು ಕೂತಳು.

ಬಾಗಿಲ ಬಳಿ ನಿಂತಿದ್ದ ಅಮೃತಮ್ಮ ಮುಂದೆ ಬಂದರು. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. “ಚೀಟಿ ನಾನ ತಿದ್ದೀನವ್ವಾ. ನೀ ತಪ್ಪಿ ಬರ್ದಿ ಅಂತ ತಿಳ್ಕೊಂಡೆ,” ಎಂದರು.

ಕಲ್ಪನಾ ಸಿಟ್ಟಾಗಲಿಲ್ಲ, ಆಗಿದ್ದರೆ ಚೆನ್ನಾಗಿತ್ತು. “ಆ ಆರು ಯಾವು, ತೋರಸ್ರಿ.”

ನಲವತ್ತು ಚಿಟ್ಟೆಗಳ ಸಾಲಿನ ಮೇಲೆ ಅಮೃತಮ್ಮ ಬಾಗಿದರು. ಎಲ್ಲವೂ ಒಂದೇ ಥರ.

“ಗೊತ್ತಾಗವಲ್ದವ್ವಾ.”

“ಬಳಿಚಕ್ರದ ಬೇಲ್ಯಾಗ, ಮಳಿಯಾಗ ತೊಯ್ಸಿಕೊಂಡು ಅವನ್ನ ಹಿಡಿದವ್ರು ನೀವ ಅಲ್ಲೇನ್ರಿ, ಅಮೃತಮ್ಮಾರ?”

“ಹೌದವ್ವಾ, ನಾನ ಹಿಡಿದಿದ್ದೆ,” ಎಂದು ಅವರು ಅತ್ತೇಬಿಟ್ಟರು. “ಚುಕ್ಕಿ ಇಲ್ಲದ್ದು ನೋಡಿ, ಮಳಿಯಾಗ ಹಿಡಿದವು ಬ್ಯಾರೆ ಇರಬೇಕು ಅಂದ್ಕೊಂಡೆ. ನನ್ನ ಕೈನ ನಾ ನಂಬಲಿಲ್ಲ.”