ಅಕ್ಷತಾ ಇಳಿಸಿದ ಫ್ಲೆಕ್ಸು

ಅಕ್ಷತಾ ಬದುಕಿದ್ದು ಇಪ್ಪತ್ತು ವರ್ಷ ಏಳು ತಿಂಗಳು. ಅಷ್ಟರಲ್ಲಿ ಅವಳು ಒಂದು ದೊಡ್ಡ ತಪ್ಪು ಮಾಡಿದಳು. ಅದನ್ನು ತಿದ್ದಲು ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಹೋಗಿ ಬಂದಳು. ಜಮಖಂಡಿಯಲ್ಲಿ ಈಗ ಅವಳ ಹೆಸರು ಬಂದರೆ ಎಲ್ಲರೂ ಆ ಪ್ರಯಾಣದ ಮಾತನ್ನೇ ಆಡುತ್ತಾರೆ. ತಪ್ಪಿನ ಸುದ್ದಿ ಯಾರೂ ಎತ್ತುವುದಿಲ್ಲ. ಅವಳು ಇದ್ದಿದ್ದರೆ ಮೊದಲು ಅದನ್ನೇ ಹೇಳುತ್ತಿದ್ದಳು. ಹಾಗಾಗಿ ಇಲ್ಲಿಯೂ ಅಲ್ಲಿಂದಲೇ ಶುರುವಾಗಲಿ.

ಅವಳ ತಂದೆ ಗಿರಿಮಲ್ಲಪ್ಪನವರದು ಮೋಟಾರ್ ರಿವೈಂಡಿಂಗ್ ಅಂಗಡಿ. ಹೊಲದ ಪಂಪು ಸುಟ್ಟುಕೊಂಡವರು ಮೋಟಾರಿನ ಜೊತೆ ತಮ್ಮೂರಿನ ಸುದ್ದಿಯನ್ನೂ ಹೊತ್ತು ತರುತ್ತಿದ್ದರು. ಶಾಲೆ ಬಿಟ್ಟ ಮೇಲೆ ಅಂಗಡಿಯ ಮೂಲೆಯಲ್ಲಿ ಕೂತು ಅಕ್ಷತಾ ಅದನ್ನೆಲ್ಲ ಕೇಳುತ್ತಿದ್ದಳು. ಕಾಲೇಜು ಸೇರಿದ ವರ್ಷವೇ ಗೆಳತಿ ಮೃಣ್ಮಯಿಯನ್ನು ಕಟ್ಟಿಕೊಂಡು ಗೋಡೆ ಪತ್ರಿಕೆ ತೆಗೆದಳು. ಬರೆಯುವವಳು ಅಕ್ಷತಾ, ಡ್ರಾಯಿಂಗ್ ಹಾಳೆಯ ಮೇಲೆ ದುಂಡಗೆ ನಕಲು ಮಾಡುವವಳು ಮೃಣ್ಮಯಿ. ಗ್ರಂಥಾಲಯದ ಬಾಗಿಲ ಪಕ್ಕ ಅಂಟಿಸಿದ ಹಾಳೆಯನ್ನು ಹುಡುಗರು ಫೋಟೋ ಹೊಡೆದು ವಾಟ್ಸಾಪಿಗೆ ಬಿಡುತ್ತಿದ್ದರು. ಗೋಡೆ ಬಿಟ್ಟು ಅಲ್ಲಾಡದ ಪತ್ರಿಕೆ ಹೀಗೆ ಬನಹಟ್ಟಿ, ಮುಧೋಳದ ತನಕ ಓಡಾಡುತ್ತಿತ್ತು.

ಅವಳಿಗೆ ಹತ್ತೊಂಬತ್ತು ತುಂಬಿದ್ದ ಬೇಸಿಗೆಯಲ್ಲಿ ಉತ್ತರದ ಗಡಿಯಲ್ಲಿ ಶೆಲ್ ಬೀಳತೊಡಗಿದವು. ಮೂರನೆಯ ದಿನ ಎಲ್ಲರ ಫೋನಿಗೂ ಒಂದು ಚಿತ್ರ ಬಂತು. ಬೆಟ್ಟದ ರಸ್ತೆಯಲ್ಲಿ ಸುಟ್ಟು ನಿಂತ ಟಿಪ್ಪರ್. ಹಿಂದಿನಿಂದ ತೆಗೆದದ್ದು. ನಂಬರ್ ಪ್ಲೇಟಿನಲ್ಲಿ ಕೆಎ ನಲವತ್ತೆಂಟು, ಅಂದರೆ ಜಮಖಂಡಿಯ ಗಾಡಿ. ಅದರ ಮೇಲೆ ಅರ್ಧ ಕರಿದಾದ ಕನ್ನಡ ಅಕ್ಷರ: ‘ಅವ್ವನ ಆಶೀರ್ವಾದ, ರನ್ನ ಬೆಳಗಲಿ’. ಇನ್ನು ಕೇಳುವುದೇನಿತ್ತು? ಅದು ರನ್ನ ಬೆಳಗಲಿಯ ಪರಮಾನಂದನ ಗಾಡಿ. ಗಡಿಯ ರಸ್ತೆ ಕೆಲಸಕ್ಕೆಂದು ದೀಪಾವಳಿ ಮುಗಿಸಿ ಹೋಗಿದ್ದ. ಅವನ ಫೋನು ಬಂದ್ ಆಗಿತ್ತು. ಗುತ್ತಿಗೆದಾರನದೂ ಬಂದ್.

ಅಕ್ಷತಾ ಅರ್ಧ ತಾಸಿನಲ್ಲಿ ಬರೆದು ಮುಗಿಸಿದಳು. ‘ಗಡಿಯ ದಾಳಿಗೆ ನಮ್ಮ ಪರಮಾನಂದ ಬಲಿ.’

ನಕಲು ಮಾಡುತ್ತಿದ್ದ ಮೃಣ್ಮಯಿ ಪೆನ್ನು ನಿಲ್ಲಿಸಿದಳು. “ಖಾತ್ರಿ ಐತೇನ ಅಕ್ಷಿ?”

“ಗಾಡಿ ನೋಡಲೇ ಹೆಂಗ ಸುಟ್ಟೈತಿ. ಒಳಗಿದ್ದಾಂವ ಉಳೀತಾನೇನು? ಬರಿ, ಬರಿ. ನಾಳಿ ಅಂದ್ರ ಹಳೀದಾಕ್ಕೈತಿ.”

ಮರುದಿನ ರನ್ನ ಬೆಳಗಲಿಯ ತರುಣ ಸಂಘದವರು ಮುಧೋಳದ ಶಶಿಕಾಂತನ ಫ್ಲೆಕ್ಸ್ ಅಂಗಡಿಗೆ ಹೋದರು. ಸಾಕ್ಷಿಗೆ ಅವರ ಫೋನಿನಲ್ಲಿದ್ದದ್ದು ಗೋಡೆ ಪತ್ರಿಕೆಯ ಫೋಟೋ. ಸಂಜೆಯೊಳಗೆ ಊರ ಅಗಸಿ ಬಾಗಿಲಿಗೆ ಹತ್ತು ಅಡಿ ಫ್ಲೆಕ್ಸು ಏರಿತು. ಭಾವಪೂರ್ಣ ಶ್ರದ್ಧಾಂಜಲಿ. ನಡುವೆ ಪರಮಾನಂದ, ಕೆಳಗೆ ಶೋಕ ಪಡುವವರ ಇಪ್ಪತ್ತೆರಡು ಫೋಟೋ, ಎಲ್ಲರೂ ನಗುತ್ತಿದ್ದರು.

ಎರಡನೆಯ ವರದಿಗೆಂದು ಗೆಳತಿಯರು ಆ ಊರಿಗೆ ಹೋದಾಗ ಪರಮಾನಂದನ ತಾಯಿ ಶಿವಗಂಗವ್ವ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಕೂತಿದ್ದಳು. ಅಳುವ ಹೆಂಗಸರು ಪಡಸಾಲೆಯಲ್ಲಿದ್ದರು. ಅವಳು ಅಳುತ್ತಿರಲಿಲ್ಲ.

“ಪೇಪರಿನ್ಯಾಗ ಬರದಾಕಿ ನೀನೇನ ಯವ್ವಾ?”

“ಹೌದ್ರಿ ಆಯಿ.”

“ನನ್ನ ಮಗನ ಮಾರಿ ನೋಡೀಯೇನು?”

“ಇಲ್ರಿ.”

“ಹೆಣಾ ನೋಡೀಯೇನು?”

ಅಕ್ಷತಾ ತಲೆ ಅಲ್ಲಾಡಿಸಿದಳು.

“ಮತ್ತ ಹೆಂಗ ಬರದಿ?” ಮುದುಕಿ ಮೊರ ಕೆಳಗಿಟ್ಟಳು. “ಸರ್ಕಾರದವ್ರಿಗಿ ಫೋನ್ ಮಾಡಿದ್ರ ಸತ್ತವರ ಪಟ್ಟ್ಯಾಗೂ ಇಲ್ಲ, ಗಾಯ ಆದವರ ಪಟ್ಟ್ಯಾಗೂ ಇಲ್ಲ ಅಂತಾರ. ನಮ್ಮ ಮಂದಿ ಹನ್ನೊಂದನೇ ದಿನಕ್ಕ ಅವನ ತಿಥಿ ಅಂತ ಗಣಾರಾಧನಿ ಮಾಡಾಕ ನಿಂತಾರ. ಒಮ್ಮಿ ದಿನಾ ಮಾಡಿದ್ರಂದ್ರ ಆತು, ಆಮ್ಯಾಲೆ ನನ್ನ ಮಗನ್ನ ಹುಡುಕವ್ರು ಯಾರು? ಬರದಾಕಿ ನೀನು. ನೀನ ಅಳಿಸು.”

ತಿರುಗಿ ಬರುವ ಬಸ್ಸಿನಲ್ಲಿ ಅಕ್ಷತಾ ಫೋನಿನಲ್ಲಿ ಉತ್ತರದ ರೈಲುಗಳ ವೇಳೆ ನೋಡಿದಳು. ಮರುದಿನ ನಸುಕಿನಲ್ಲೇ ಒಬ್ಬಳೇ ಮತ್ತೆ ಅದೇ ಕಟ್ಟೆಗೆ ಹೋಗಿ, “ಆಯಿ, ನಾ ಹೊಂಟೇನ್ರಿ” ಎಂದಳು. ಶಿವಗಂಗವ್ವ ಎಲ್ಲಿಗೆಂದು ಕೇಳಲಿಲ್ಲ. ಒಳಗೆ ಹೋಗಿ ಕಟಕ ರೊಟ್ಟಿಯ ಒಂದು ಕಟ್ಟು, ಶೇಂಗಾ ಹಿಂಡಿಯ ಡಬ್ಬಿ ತಂದು ಕೊಟ್ಟಳು. “ಅವಂಗ ಕೊಡು. ಅಲ್ಲಿ ಬರೀ ಅನ್ನ ತಿಂದು ಸೊರಗ್ಯಾನ.”

ತಂದೆಗೆ ತಿಳಿದದ್ದು ಅವಳು ಮಿರಜ ನಿಲ್ದಾಣದಿಂದ ಫೋನ್ ಮಾಡಿದಾಗ. ಹಿಂದೆ ಅಂಗಡಿಯ ಸುತ್ತಿಗೆ ಸದ್ದು ನಿಂತದ್ದು ಅವಳಿಗೆ ಕೇಳಿಸಿತು.

“ತಿರುಗಿ ಬಾ ಅಂದ್ರ ಬರ್ತೀಯೇನು?”

“ಇಲ್ಲಪಾ.”

“ಹಂಗಾರ ಅಂದೇನ್ ಉಪಯೋಗ. ದಿನಾ ಎರಡ ಸಲ ಫೋನ್ ಹಚ್ಚು. ನಿಮ್ಮವ್ವಗ ನಾ ಹೇಳ್ತೇನಿ.” ಫೋನ್ ಇಡುವ ಮುಂಚೆ, “ರೊಟ್ಟಿ ಒಯ್ದೀ?”

“ಒಯ್ದೇನಿ. ನನ್ನವಲ್ಲ.”

ದಿಲ್ಲಿಯ ತನಕ ರೈಲು ತುಂಬಿ ತುಳುಕಿತ್ತು. ಅಲ್ಲಿಂದ ಮುಂದೆ ಡಬ್ಬಿಗಳು ಖಾಲಿ. ಆ ಕಡೆಯಿಂದ ಜನ ಹಾಸಿಗೆ, ಮಕ್ಕಳು, ಎಮ್ಮೆಗಳೊಂದಿಗೆ ಟ್ರ್ಯಾಕ್ಟರುಗಳಲ್ಲಿ ಇಳಿದು ಬರುತ್ತಿದ್ದರು. ಇವಳು ಬ್ರೆಡ್ಡಿನ ವ್ಯಾನೊಂದರಲ್ಲಿ ಏರಿ ಹೋದಳು. ತಪಾಸಣೆ ಠಾಣೆಯ ಪೊಲೀಸನಿಗೆ ಕಾಲೇಜಿನ ಗುರುತಿನ ಚೀಟಿ ತೋರಿಸಿ, ಪತ್ರಿಕೆಯಿಂದ ಬಂದಿದ್ದೇನೆ ಎಂದಳು. ಎಷ್ಟು ಪ್ರತಿ ಅಚ್ಚಾಗುತ್ತದೆ ಎಂದು ಅವನು ಕೇಳಿದ. ಒಂದು, ಎಂದಳು. ಅವನು ನಗಲೋ ಬೇಡವೋ ಎಂದು ನೋಡಿ, ಚೀಲ ಬಿಚ್ಚಿಸಿದ. ಹಿಂಡಿಯ ಕೆಂಪು ಚಟ್ನಿಪುಡಿಯನ್ನು ಮೂಸಿ ಹತ್ತು ಸಲ ಸೀನಿದ. ಬಟ್ಟೆಯಲ್ಲಿ ಬಿಗಿದ ಗುಂಡನೆಯ ಗಟ್ಟಿ ವಸ್ತುವನ್ನು ದೂರದಿಂದಲೇ ಲಾಠಿಯಿಂದ ಮುಟ್ಟಿದ. ಮೇಲಿನ ರೊಟ್ಟಿ ಪಟ್ಟೆಂದು ಮುರಿಯಿತು. ಹಪ್ಪಳವೇ ಎಂದು ಕೇಳಿದ. ತಿಂದು ನೋಡಿ ಎಂದಳು. ಮೂವರು ಪೊಲೀಸರು ಮೂರು ರೊಟ್ಟಿ ತಿಂದರು. ನಾಲ್ಕನೆಯದಕ್ಕೆ ಕೈ ಚಾಚಿದಾಗ ಅವಳು ಕಟ್ಟು ಬಿಗಿದಳು. ಉಳಿದದ್ದು ಇನ್ನೊಬ್ಬರದು ಎಂದಳು.

ಆ ಮಧ್ಯಾಹ್ನ ಶೆಲ್ ಬಿದ್ದಾಗ ಅವಳು ಒಂದು ಶಾಲೆಯ ನೆಲಮಾಳಿಗೆಯಲ್ಲಿದ್ದಳು. ಸುತ್ತ ನಲವತ್ತು ಜನ, ಒಂದು ಮೇಕೆ. ಪ್ರತಿ ಸದ್ದಿಗೂ ಗೋಡೆಯ ಸುಣ್ಣ ಅವಳ ಹಾಳೆಯ ಮೇಲೆ ಉದುರುತ್ತಿತ್ತು. ಆ ಪುಟದ ಅಕ್ಷರ ಸೊಟ್ಟಗಿವೆ. ಆ ನೋಟುಬುಕ್ಕು ಈಗ ಮೃಣ್ಮಯಿಯ ಹತ್ತಿರವಿದೆ. ಆ ನೆಲಮಾಳಿಗೆಯಲ್ಲಿ ಮೊದಲ ಸಲ ಅವಳು ಎರಡು ಪೆನ್ನು ಹಿಡಿದಳು. ಕಣ್ಣಿಂದ ನೋಡಿದ್ದು ನೀಲಿಯಲ್ಲಿ, ಕಿವಿಯಿಂದ ಕೇಳಿದ್ದು ಕೆಂಪಿನಲ್ಲಿ. ‘ಬೆಳಗಿನಿಂದ ನಲವತ್ತು ಬಿದ್ದವೆಂದು ಮಾಸ್ತರರು ಹೇಳಿದರು’ ಎಂಬುದು ಕೆಂಪು. ‘ನಾನು ಎಣಿಸಿದ್ದು ಹನ್ನೊಂದು’ ಎಂಬುದು ನೀಲಿ. ಅದರ ಕೆಳಗೆ ನೀಲಿಯಲ್ಲೇ, ‘ನನಗೆ ಭಯವಾಗುತ್ತಿದೆ. ಅಪ್ಪನಿಗೆ ಹೇಳಿಲ್ಲ.’

ಮರುದಿನ ಟಿಪ್ಪರ್ ಸಿಕ್ಕಿತು. ಫೋಟೋದಲ್ಲಿ ಕಾಣದ ಮುಂಭಾಗವನ್ನು ಅವಳು ಸುತ್ತು ಹಾಕಿ ನೋಡಿದಳು. ಸುಟ್ಟ ವಸ್ತುವನ್ನು ಕೈಯಲ್ಲಿ ಹಿಡಿದು ಅದು ಹೇಗೆ ಸುಟ್ಟಿತೆಂದು ಹೇಳುವುದು ಅವಳ ಅಪ್ಪನ ಕಸುಬು. ಡ್ರೈವರನ ಬಾಗಿಲು ತೆರೆದಿತ್ತು. ಅವಳು ಬಾಗಿಲಿನ ಅಂಚನ್ನು ಬೆರಳಿಂದ ಉಜ್ಜಿದಳು. ಬಾಗಿಲು ಮುಚ್ಚಿದ್ದರೆ ಚೌಕಟ್ಟಿನೊಳಗೆ ಸೇರಿಕೊಂಡು ಬಣ್ಣ ಉಳಿಯಬೇಕಾಗಿದ್ದ ಅಂಚು ಅದು. ಅದೂ ಪೂರ್ತಿ ಸುಟ್ಟಿತ್ತು. ಎಂದರೆ ಬೆಂಕಿ ಹತ್ತುವ ಹೊತ್ತಿಗೆ ಬಾಗಿಲು ತೆರೆದೇ ಇತ್ತು. ಯಾರೋ ತೆರೆದು ಇಳಿದಿದ್ದರು.

ಅವಳು ತಂದೆಗೆ ಫೋನ್ ಹಚ್ಚಿ ಅಂಚಿನ ವಿಷಯ ಹೇಳಿದಳು. ಗಿರಿಮಲ್ಲಪ್ಪ ಎರಡು ಸಲ ಕೇಳಿಸಿಕೊಂಡು, “ಖರೆ ಐತಿ. ಅಂವ ಇಳದಾನ. ಆಸ್ಪತ್ರಿ ಹುಡುಕು” ಎಂದರು. ಮನೆಗೆ ಬಾ ಎಂಬ ಮಾತು ಬರಲಿಲ್ಲ.

ಹನ್ನೊಂದನೆಯ ದಿನಕ್ಕೆ ಇನ್ನು ಎರಡೇ ದಿನ ಇದ್ದವು. ಎರಡು ಆಸ್ಪತ್ರೆಗಳಲ್ಲಿ ಆ ಹೆಸರಿನವರು ಇರಲಿಲ್ಲ. ಮೂರನೆಯದರಲ್ಲಿಯೂ ಇಲ್ಲವೆಂದರು. ಹೆಸರು ಬೇಡ, ಹೆಸರಿಲ್ಲದವರು ಯಾರಿದ್ದಾರೆ ಎಂದು ಅವಳು ಕೇಳಿದಳು. ನರ್ಸ್ ಮೂಲೆಯ ಹಾಸಿಗೆ ತೋರಿಸಿದಳು. ಬಲಗೈಗೆ ಪಟ್ಟಿ ಕಟ್ಟಿದ್ದರಿಂದ ಬರೆಯಲೂ ಆಗದ ಕರಿಯ ತರುಣ. ಸ್ಫೋಟದ ಸದ್ದಿಗೆ ಎರಡೂ ಕಿವಿಯ ತಮಟೆ ಹರಿದಿದ್ದವು. ಏನು ಕೇಳಿದರೂ ಅವನಿಗೆ ಕೇಳಿಸದು, ಬರೆದು ತೋರಿಸಿದರೆ ಹಿಂದಿ ಓದಲು ಬಾರದು. ಅವನು ಒದರಿ ಹೇಳುತ್ತಿದ್ದದ್ದು ಅಲ್ಲಿ ಯಾರಿಗೂ ತಿಳಿಯದು. ಫೋನೂ ಕಾಗದಪತ್ರಗಳೂ ಗಾಡಿಯಲ್ಲೇ ಸುಟ್ಟಿದ್ದವು. ಹಾಗಾಗಿ ಯಾವ ಪಟ್ಟಿಯಲ್ಲೂ ಅವನ ಹೆಸರಿರಲಿಲ್ಲ.

ಅಕ್ಷತಾ ನೋಟುಬುಕ್ಕಿನ ಖಾಲಿ ಪುಟದಲ್ಲಿ ದೊಡ್ಡದಾಗಿ ಕನ್ನಡದಲ್ಲಿ ಬರೆದು ಅವನ ಮುಂದೆ ಹಿಡಿದಳು. ‘ರನ್ನ ಬೆಳಗಲಿಯ ಶಿವಗಂಗವ್ವ ನಿಮ್ಮ ತಾಯಿಯೇ?’

ಅವನು ಓದಿದ. ಮತ್ತೊಮ್ಮೆ ಓದಿದ. ಆಮೇಲೆ ಇಡೀ ವಾರ್ಡು ಬೆಚ್ಚಿ ಬೀಳುವ ಹಾಗೆ ಒದರಿದ. “ತಂಗೀ, ನೀ ಯಾರ ಬೇ!”

ಅವಳು ರೊಟ್ಟಿಯ ಕಟ್ಟನ್ನು ಅವನ ಮಡಿಲಿಗಿಟ್ಟು, ಹಾಸಿಗೆಯ ಅಂಚಿಗೆ ಕೂತು ಅತ್ತಳು. ಮನೆ ಬಿಟ್ಟ ಮೇಲೆ ಮೊದಲ ಸಲ. ಆಮೇಲೆ, ಮುಚ್ಚಿಡಬಾರದೆಂದು, ಫೋನಿನಲ್ಲಿದ್ದ ಫ್ಲೆಕ್ಸಿನ ಫೋಟೋ ತೋರಿಸಿ, ‘ಇದಕ್ಕೆ ನಾನೇ ಕಾರಣ’ ಎಂದು ಬರೆದಳು. ಪರಮಾನಂದ ಫೋಟೋವನ್ನು ದೊಡ್ಡದು ಮಾಡಿ ನೋಡಿದ.

“ಈ ಫೋಟೋ ಯಾಕ ಹಾಕ್ಯಾರೋ! ಲೈಸೆನ್ಸಿಂದು, ಕಳ್ಳ ಕಂಡಂಗ ಕಾಣತೇನಿ. ಕೆಳಗ ಇಷ್ಟ ಮಂದಿ ಯಾರು? ಅರ್ಧ ಮಂದಿಗೆ ನನ್ನ ಗುರ್ತ ಇಲ್ಲ!”

ಊರಿಗೆ ಫೋನ್ ಹಚ್ಚಿದಾಗ ಅವನು ಅದೇ ದನಿಯಲ್ಲಿ ಅವ್ವನನ್ನು ಕೂಗಿದ. ಆ ಕಡೆಯಿಂದ ಬಂದ ಮಾತು ಅವನಿಗೆ ಕೇಳಿಸಲಿಲ್ಲ, ಅಕ್ಷತಾಳಿಗೆ ಕೇಳಿಸಿತು. “ಇಷ್ಟ್ಯಾಕ ಒದರ್ತಿ, ಭಾಡ್ಯಾ. ರೊಟ್ಟಿ ಮುಟ್ಟಿದುವೇನು?” ಆಮೇಲೆ ಶಿವಗಂಗವ್ವ ಅತ್ತದ್ದೂ ಕೇಳಿಸಿತು. ಅಕ್ಷತಾ ಮೊದಲಿನ ಮಾತನ್ನಷ್ಟೇ ಬರೆದು ತೋರಿಸಿದಳು.

ಗಣಾರಾಧನೆ ನಿಂತಿತು. ಆದರೆ ಅವನನ್ನು ಕರೆದುಕೊಂಡು ಅಕ್ಷತಾ ಊರಿಗೆ ಬಂದ ದಿನವೂ ಫ್ಲೆಕ್ಸು ಅಗಸಿಯಲ್ಲೇ ಇತ್ತು. ಬರೆದಾಕೆ ಬರುವ ತನಕ ಯಾರೂ ಮುಟ್ಟಬಾರದೆಂದು ಶಿವಗಂಗವ್ವ ಹಟ ಹಿಡಿದಿದ್ದಳು. ಅಕ್ಷತಾ ಏಣಿ ಹತ್ತಿ ಹಗ್ಗ ಬಿಚ್ಚಿದಳು. ಕೆಳಗೆ ಏಣಿ ಹಿಡಿದು ನಿಂತವರು ಗಿರಿಮಲ್ಲಪ್ಪ. “ನಮ್ಮ ಹುಡುಗಿ ರಿ” ಎಂದು ಅವರು ಅಲ್ಲಿದ್ದವರಿಗೆಲ್ಲ ಹೇಳಿದರು, ಎಲ್ಲರಿಗೂ ಅದು ಗೊತ್ತಿದ್ದರೂ.

ಮುಂದಿನ ಗೋಡೆ ಪತ್ರಿಕೆಯಲ್ಲಿ ಯುದ್ಧದ ಕಥೆ ಕೆಳಗಿತ್ತು. ಮೇಲೆ ದಪ್ಪ ಅಕ್ಷರದಲ್ಲಿ, ‘ಪರಮಾನಂದ ಸತ್ತನೆಂದು ನಾನು ಬರೆದದ್ದು ಸುಳ್ಳು. ನಾನು ನೋಡಿರಲಿಲ್ಲ.’ ಇಷ್ಟು ದೊಡ್ಡದಾಗಿ ಬೇಡವೆಂದು ಮೃಣ್ಮಯಿ ಅಂದಳು. ಸುಳ್ಳು ಬರೆದ ಅಕ್ಷರಕ್ಕಿಂತ ಇದು ಸಣ್ಣದಿರಬಾರದೆಂದು ಅಕ್ಷತಾ ಅಳತೆಪಟ್ಟಿ ಹಿಡಿದು ಅಳೆಸಿದಳು. ಅಂದಿನಿಂದ ಪತ್ರಿಕೆ ಎರಡು ಬಣ್ಣದಲ್ಲಿ ಬಂತು, ನೋಡಿದ್ದು ನೀಲಿ, ಕೇಳಿದ್ದು ಕೆಂಪು. ಫ್ಲೆಕ್ಸಿನ ಶಶಿಕಾಂತ ಜಮಖಂಡಿಗೆ ಬಂದವನು ಅದನ್ನು ನಿಂತು ಓದಿ ಹೋದ. ಶ್ರದ್ಧಾಂಜಲಿ ಮಾಡಿಸಲು ಬಂದವರನ್ನೆಲ್ಲ ಅವನು ಆಮೇಲೆ ಕೇಳತೊಡಗಿದ, “ನೋಡಿದ್ದೋ, ಕೇಳಿದ್ದೋ?”

ಮರುವರ್ಷ ಫೆಬ್ರುವರಿಯಲ್ಲಿ, ಕಬ್ಬು ಕಡಿಯುವ ಕಾಲದಲ್ಲಿ, ಹಾಸ್ಟೆಲ್ ಹುಡುಗಿಯರ ನೀರಿನ ತೊಂದರೆ ಬರೆದುಕೊಂಡು ಅಕ್ಷತಾ ಬೀಳಗಿಯಿಂದ ಸ್ಕೂಟರಿನಲ್ಲಿ ಬರುತ್ತಿದ್ದಳು. ಸಂಜೆ ಮಬ್ಬಾಗಿತ್ತು. ರಸ್ತೆಯಲ್ಲಿ ಕೆಟ್ಟು ನಿಂತ ಕಬ್ಬಿನ ಟ್ರಾಲಿಗೆ ಹಿಂದೆ ದೀಪವಿರಲಿಲ್ಲ. ಸುದ್ದಿ ಫೋನಿನಲ್ಲಿ ಬಂದಾಗ ಮೃಣ್ಮಯಿ ನಂಬಲಿಲ್ಲ. ಆಸ್ಪತ್ರೆಗೆ ಹೋದಳು. ನೋಡಿದಳು.

ಎರಡು ದಿನದ ಮೇಲೆ ಪರಮಾನಂದನೂ ಮೃಣ್ಮಯಿಯೂ ಮುಧೋಳದ ಆ ಅಂಗಡಿಗೆ ಹೋದರು. ಶಶಿಕಾಂತ ಕಂಪ್ಯೂಟರಿನಿಂದ ತಲೆ ಎತ್ತದೆ, ರೂಢಿಯ ಹಾಗೆ ಕೇಳಿದ. “ಶ್ರದ್ಧಾಂಜಲಿಯೇನ್ರಿ? ನೋಡಿದ್ದೋ, ಕೇಳಿದ್ದೋ?”

ಅವನು ತಲೆ ಎತ್ತಿದ. ಮೃಣ್ಮಯಿಯ ಕೈಯಲ್ಲಿದ್ದ ಫೋಟೋ ಕಂಡಿತು.

“ನೋಡಿದ್ದು” ಎಂದಳು ಮೃಣ್ಮಯಿ.

ಶಶಿಕಾಂತ ಎದ್ದು ಹೊರಗೆ ಹೋಗಿ, ಮುಖ ತೊಳೆದುಕೊಂಡು ಬಂದು ಕೂತ. “ಕೆಳಗ ಯಾರ ಯಾರ ಫೋಟೋ ಹಾಕೋದ್ರಿ?”

“ಯಾರದೂ ಬ್ಯಾಡ!” ಪರಮಾನಂದನಿಗೆ ಕಿವಿ ಇನ್ನೂ ಪೂರ್ತಿ ಕೇಳಿಸುತ್ತಿರಲಿಲ್ಲ, ಅವನ ದನಿ ಬೀದಿಗೆಲ್ಲ ಕೇಳಿಸಿತು. “ಆಕೀದೊಂದ ಹಾಕು. ಅವ್ವ ಹೇಳ್ಯಾಳ. ನಮ್ಮೂರ ಅಗಸ್ಯಾಗ ಕಟ್ಟೋದು.”

“ಹೆಸರಿನ ಕೆಳಗ ಏನ ಬರೀಲಿ? ಬಿ.ಎ. ವಿದ್ಯಾರ್ಥಿನಿ ಅಂತ?”

“ಪತ್ರಕರ್ತೆ ಅಂತ ಬರೀರಿ” ಎಂದಳು ಮೃಣ್ಮಯಿ. “ನೀಲಿ ಬಣ್ಣದಾಗ.”