ಬ್ಲೇನಿನ ದಂಡೆಯ ಸೋದರಮಾವ

ಸ್ಯಾನ್ ಮಟಿಯೋದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಉಲ್ಲಾಸನಷ್ಟು ತಲೆ ತಿನ್ನುವವನು ಇನ್ನೊಬ್ಬನಿರಲಿಲ್ಲ. ರಜೆ ಬಂದರೆ ಜನ ಟಾಹೋ ಅನ್ನುತ್ತಾರೆ, ಹವಾಯಿ ಅನ್ನುತ್ತಾರೆ. ಇವನಿಗೆ ಮಾತ್ರ ಪ್ರತಿ ಜುಲೈನಲ್ಲೂ ಬ್ಲೇನ್. ವಾಷಿಂಗ್ಟನ್ ರಾಜ್ಯದ ಉತ್ತರ ತುದಿಯಲ್ಲಿ, ಕೆನಡಾ ಗಡಿಗೆ ಒತ್ತಿಕೊಂಡಿರುವ ಕಡಲ ದಂಡೆಯ ಸಣ್ಣ ಊರು. ಎರಡು ದಿನ ಕಾರು ಓಡಿಸಿ ಅಲ್ಲಿ ನೋಡುವುದೇನು? ಬಲೆ ಇಳಿಬಿಟ್ಟು ಏಡಿ ಹಿಡಿಯುವವರು, ಮೋಡ ಸರಿದರೆ ಒಂದು ಹಿಮದ ಬೆಟ್ಟ, ದೋಣಿಗಳ ನಡುವೆ ಮೂತಿ ತೋರಿಸಿ ಮಾಯವಾಗುವ ಸೀಲುಗಳು. ಮೈಸೂರಿನವನಾದ ನನಗೆ ಬೇಸಿಗೆಯಲ್ಲೂ ಆ ಗಾಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು. ನನ್ನ ಹೆಂಡತಿ ಪದ್ಮಜಾ ಕಟ್ಟಿಕೊಡುವ ಪುಳಿಯೋಗರೆಯೇ ನನಗಿದ್ದ ಸಮಾಧಾನ.

ಆದರೂ ಅವನ ಜೊತೆ ಹೋಗುತ್ತಿದ್ದೆ. ಅಲ್ಲಿಂದ ನೀರಿನಾಚೆ ಕಾಣುವುದು ಕೆನಡಾದ ವೈಟ್ ರಾಕ್. ಉಲ್ಲಾಸನ ಒಬ್ಬಳೇ ತಂಗಿ ಸೋನಾಲಿ ಇರುವುದು ಅಲ್ಲಿ. ಅವಳಿಗೆ ಅಮೆರಿಕದ ವೀಸಾ ಸಿಕ್ಕಿರಲಿಲ್ಲ. ಇವನ ಗ್ರೀನ್ ಕಾರ್ಡಿನ ಅರ್ಜಿ ಕೊನೆಯ ಹಂತದಲ್ಲಿತ್ತು. ಈಗ ದೇಶ ಬಿಟ್ಟರೆ ಅರ್ಜಿಯೇ ಹೋದೀತು ಎಂದು ವಕೀಲರು ಹೆದರಿಸಿಟ್ಟಿದ್ದರು. ಹಾಗಾಗಿ ಇವನು ಈ ದಂಡೆಯಲ್ಲಿ ಕೆಂಪು ಬೆಡ್‌ಶೀಟು ಬೀಸುವುದು, ಅವಳು ಆಚೆ ನೀರಿನೊಳಕ್ಕೆ ಚಾಚಿದ ಉದ್ದನೆಯ ಕಟ್ಟೆಯ ಮೇಲೆ ನಿಂತು ಫೋನಿನಲ್ಲಿ "ಕಂಡಿತು ಅಣ್ಣ, ಕಂಡಿತು" ಅನ್ನುವುದು. ನಿಜವಾಗಿ ಕಾಣುತ್ತಿತ್ತೋ ಇಲ್ಲವೋ ದೇವರೇ ಬಲ್ಲ.

ಸೋನಾಲಿಗೆ ಮಗಳು ಹುಟ್ಟಿದ ಮೇಲೆ ಇವನ ಹುಚ್ಚು ಇನ್ನೂ ಹೆಚ್ಚಿತು. ಮಗುವಿಗೆ ಕಿವಿ ಚುಚ್ಚುವಾಗ ಸೋದರಮಾವನ ತೊಡೆಯ ಮೇಲೆ ಕೂರಿಸಬೇಕು. ಉಡುಪಿಯ ಅವರ ಮನೆಯಲ್ಲೂ ಅದೇ ಪದ್ಧತಿ. ಉಲ್ಲಾಸ ಪುಟಾಣಿ ಚಿನ್ನದ ಓಲೆ ಮಾಡಿಸಿ, ಪ್ರತಿ ಸಲವೂ ಜೇಬಿನಲ್ಲಿಟ್ಟುಕೊಂಡು ಬರುತ್ತಿದ್ದ.

"ಗಡಿ ದಾಟೋಕೇ ಆಗಲ್ಲ, ಇದ್ಯಾಕಯ್ಯಾ?" ಅಂತ ರೇಗಿಸಿದರೆ, "ಇರ್ಲಿ ಮಾರಾಯ್ರೆ. ಇವತ್ತಲ್ಲ ನಾಳೆ ಇಂಚರಾ ನನ್ನ ತೊಡೆ ಮೇಲೇ ಕೂರ್ಬೇಕಲ್ಲ" ಅನ್ನುತ್ತಿದ್ದ.

ವಿಡಿಯೋ ಕಾಲಿನಲ್ಲಿ ಆ ಮಗು ಯಾವಾಗಲೂ ಕಿವಿ ಮುಚ್ಚುವ ಉಣ್ಣೆ ಟೋಪಿಯಲ್ಲೇ ಇರುತ್ತಿತ್ತು. ಪಾಪ, ನನ್ನ ಹಾಗೇ ಚಳಿ ತಡೆಯದ ಜೀವ ಎಂದುಕೊಂಡಿದ್ದೆ.

ಹೋದ ವರ್ಷ ಕಾರ್ಡು ಬಂತು. ಆ ಜುಲೈನಲ್ಲಿ ಬ್ಲೇನಿನಲ್ಲಿ ಕಾರು ನಿಲ್ಲಿಸಲೂ ಬಿಡದೆ ನೇರ ಗಡಿ ದಾಟಿಸಿದ. ವೈಟ್ ರಾಕಿನ ಕಟ್ಟೆಯ ಮೇಲೆ ಸೋನಾಲಿ ಓಡಿಬಂದು ಅಣ್ಣನನ್ನು ತಬ್ಬಿಕೊಂಡಳು. ಹಿಂದೆಯೇ ಟೋಪಿ ಹಾಕಿಕೊಂಡ, ನಾಲ್ಕು ವರ್ಷದ ಇಂಚರಾ. ಸೆಖೆಯಾಯಿತೋ ಏನೋ, ಅಮ್ಮ ನೋಡನೋಡುತ್ತಲೇ ಟೋಪಿ ಕಿತ್ತೆಸೆದಳು. ಎರಡೂ ಕಿವಿಯಲ್ಲಿ ಓಲೆ ಮಿನುಗಿತು.

ಉಲ್ಲಾಸ ಅವಳ ಮುಂದೆ ಕುಕ್ಕರಗಾಲಿನಲ್ಲಿ ಕೂತ. "ಚುಚ್ಚುವಾಗ ನೋವಾಯ್ತಾ ಪುಟ್ಟಿ?"

"ಐ ಡೋಂಟ್ ನೋ. ಐ ವಾಸ್ ಎ ಬೇಬಿ."

ಸೋನಾಲಿ ತಲೆ ತಗ್ಗಿಸಿದಳು. "ವರ್ಷ ತುಂಬುವ ಮೊದ್ಲೇ ಆಗ್ಬೇಕು ಅಂತ ಅತ್ತೆ ಹಟ ಹಿಡಿದ್ರು. ಇವರ ಕಡೆಯವರೊಬ್ರು, ವರಸೆಯಲ್ಲಿ ನನಗೆ ಅಣ್ಣ ಆಗ್ತಾರೆ, ಅವರ ತೊಡೆ ಮೇಲೆ..."

"ನನ್ನ ಹತ್ರ ಒಂದು ಮಾತು ಹೇಳ್ಬಹುದಿತ್ತಲ್ಲ ಸೋನಿ."

"ಹೇಳಿದ್ರೆ ನೀನು ಮತ್ತೆ ಆ ದಂಡೆಗೆ ಬರ್ತಿರ್ಲಿಲ್ಲ ಅಣ್ಣ. ಅದಕ್ಕೇ ಹೇಳ್ಲಿಲ್ಲ."

"ಎಂತ ಮಾತಾಡ್ತಿ? ಬರದೆ ಇರ್ತೇನಾ ನಾನು?" ಅಂದ. ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತು, ಓಲೆಯ ಡಬ್ಬಿ ತೆಗೆದು ತಂಗಿಯ ಕೈಗಿಟ್ಟ. ಪದ್ಮಜಾ ಕೊಟ್ಟಿದ್ದ ಚಕ್ಕುಲಿ ಡಬ್ಬಿಯನ್ನು ನಾನು ತೆರೆದದ್ದೇ ಇಂಚರಾ ತಾನಾಗಿ ಬಂದು ಅವನ ತೊಡೆಯೇರಿ ಕೂತಳು. ಅವನಿಗೆ ಕೈ ಎಲ್ಲಿಡಬೇಕೆಂದೇ ತೋಚಲಿಲ್ಲ. ಕಣ್ಣಲ್ಲಿ ನೀರು. ನನಗೆ ಸೋನಾಲಿಯ ಅತ್ತೆಯ ಮೇಲೆ, ವರಸೆಯ ಆ ಅಣ್ಣನ ಮೇಲೆ, ಕಡೆಗೆ ಆ ಟೋಪಿಯ ಮೇಲೂ ಸಿಟ್ಟು ಬಂತು.

ಈ ಜುಲೈನಲ್ಲಿ ಸೋನಾಲಿ ನನಗೇ ಫೋನು ಮಾಡಿದಳು. "ಅಣ್ಣ ಯಾವತ್ತು ಹೊರಡ್ತಾನೆ? ನನ್ನ ಹತ್ರ ಸರಿಯಾಗಿ ಹೇಳೋದೇ ಇಲ್ಲ." ಬ್ಲೇನ್ ಅಂದರೆ ಮೂಗು ಮುರಿಯುತ್ತಿದ್ದ ನಾನೇ ಅವನ ಬಾಗಿಲು ತಟ್ಟಿ ಕೇಳಿದೆ.

ಅವನು ಲ್ಯಾಪ್‌ಟಾಪಿನಿಂದ ಕಣ್ಣೆತ್ತಲಿಲ್ಲ. "ಅಷ್ಟು ದೂರ ಯಾಕೆ ಮಾರಾಯ್ರೆ? ಎಲ್ಲರೂ ಯೋಸೆಮಿಟಿಗೆ ಹೋಗ್ತಾರಂತೆ. ಈ ಸಲ ನಾವೂ ಅಲ್ಲಿಗೇ ಹೋಗುವ."